ಕೆರೆಯ ದಡದ ಅತಿಥಿಗಳು

ಮನುಷ್ಯರಿಗೆ ಗೋಡೆಯ ಮೇಲೆ ಪಂಚಾಂಗವುಂಟು. ಕೆರೆಗೆ ಪಕ್ಷಿಗಳೇ ಪಂಚಾಂಗ. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಸೀಮೆಯಲ್ಲಿ ನೆಲಸಿರುವ ನಾವು ಬಿಡುವು ದೊರೆತಾಗಲೆಲ್ಲ ಕೆರೆಯ ಏರಿಯ ಮೇಲೆ ಕುಳಿತು ಈ ಪಂಚಾಂಗವನ್ನು ಓದುವ ಅಭ್ಯಾಸ ಮಾಡಿಕೊಂಡಿರುವೆವು. ಈ ವಿನೋದಕ್ಕೆ ಹಣ ಬೇಡ. ಕಣ್ಣು, ಕಿವಿ, ತಾಳ್ಮೆ ಈ ಮೂರು ಇದ್ದರೆ ಸಾಕು.

ಮುಂಗಾರಿನಲ್ಲಿ ಕೆರೆಗೆ ಹೊಸ ನೀರು ಬಂದೊಡನೆ ಪಕ್ಷಿಗಳ ಸಂಸಾರದ ಸಡಗರವು ಮೊದಲಾಗುವುದು. ನೀರಿನ ಮೇಲೆ ಬಾಗಿದ ಕೊಂಬೆಗಳಲ್ಲಿ ಗಂಡು ಗೀಜಗಗಳು ಹುಲ್ಲಿನ ಎಳೆಗಳನ್ನು ಹೆಣೆದು ಗೂಡುಗಳನ್ನು ತೂಗಬಿಡುವುವು; ಹೆಣ್ಣು ಬಂದು ಪರೀಕ್ಷಿಸಿ, ಮೆಚ್ಚಿದರೆ ಮಾತ್ರ ಒಳಹೊಗುವುದು. ತೇಲುವ ಎಲೆಗಳ ಮೇಲೆ ನೀಳವಾದ ಬೆರಳುಗಳನ್ನೂರಿ ನಡೆಯುವ ದೇವನಕ್ಕಿಯ ಮನೆವಾರ್ತೆಯು ಇನ್ನೂ ವಿಚಿತ್ರವಾದುದು. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುವುದು. ಕಾವು ಕೊಡುವುದೂ ಮರಿಗಳನ್ನು ಸಾಕುವುದೂ ಗಂಡಿನ ಪಾಲಿಗೆ ಬಂದ ಕೆಲಸ. ಇದನ್ನು ಹೇಳಿದರೆ ತಾಯಂದಿರು ನಗುವರು. ತಂದೆಯರು ಮಾತು ಬದಲಿಸುವರು!

ಮಳೆ ಹಿಂದೆಗೆದು ಗಾಳಿ ತಣ್ಣಗಾಗುತ್ತಲೇ ದೂರದ ಅತಿಥಿಗಳು ಬಂದಿಳಿಯುವುವು. ಬಾಲವನ್ನು ಕುಣಿಸುವ ಹಳದಿ ಸಿಪಿಲೆ, ಕೆಸರನ್ನು ಕೆದಕುವ ಗದ್ದೆಗೊರವ, ಸೂಜಿಬಾಲದ ಬಾತು ಇವೆಲ್ಲವೂ ಉತ್ತರದ ಶೀತದೇಶಗಳಲ್ಲಿ ಹುಟ್ಟಿದುವು. ಅಲ್ಲಿ ನೀರು ಹೆಪ್ಪುಗಟ್ಟಿ ಆಹಾರ ದೊರೆಯದಿರಲು, ಸಾವಿರಾರು ಮೈಲಿ ಹಾರಿ ನಮ್ಮ ನಾಡಿನ ಕೆರೆಗಳನ್ನು ಸೇರಿ, ಬೇಸಗೆಯ ಮೊದಲಿಗೆ ಹಿಂದಿರುಗುವುವು.

ನೀರಿಳಿದ ಬೇಸಗೆಯಲ್ಲಿ ನೋಡುವುದೇನೆಂದು ಕೇಳುವವರುಂಟು. ಆ ತೆಳ್ಳನೆಯ ನೀರೇ ಕೊಕ್ಕರೆಗಳಿಗೆ ಔತಣ. ಬಾಯ್ಕಳಕ ಕೊಕ್ಕರೆಯು ಬಸವನಹುಳುಗಳನ್ನು ಹೆಕ್ಕಿ ತಿನ್ನುವುದು. ಟಿಟ್ಟಿಭವು ಬರಿಯ ನೆಲದ ಮೇಲೆಯೇ ಮೊಟ್ಟೆಯಿಡುವುದು. ಕಲ್ಲು ಯಾವುದು, ಮೊಟ್ಟೆ ಯಾವುದು ಎಂದು ತಿಳಿಯುವುದೇ ಕಷ್ಟ.

ಪಕ್ಷಿಶಾಸ್ತ್ರಜ್ಞರಾಗಿದ್ದ ಡಾ. ಸಲೀಂ ಅಲಿಯವರು (1896–1987) ಬಾಲ್ಯದಲ್ಲಿ ಸೋದರಿಯರೊಡನೆ ಮುಂಬಯಿಯ ಮಿಷನ್ ಬಾಲಿಕಾ ಪಾಠಶಾಲೆಯೊಂದರಲ್ಲಿ ಓದಿದವರೆಂಬುದು ನಮ್ಮ ಶಾಲೆಯವರಿಗೆ ಸಂತೋಷದ ಸಂಗತಿ. ಅವರು 1939–40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳನ್ನು ಸಮೀಕ್ಷಿಸಿದರು. ಅವರ ಪ್ರೇರಣೆಯಿಂದಲೇ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. ನಮ್ಮ ತಾಲ್ಲೂಕಿನ ರಾಮನಾಥಪುರದಲ್ಲಿ ಹರಿಯುವ ಕಾವೇರಿಯೇ ಮುಂದೆ ಹೋಗಿ ಆ ತಿಟ್ಟುಗಳನ್ನು ಬಳಸುವುದು.

ರಂಗನತಿಟ್ಟಿಗೆ ಸರಕಾರದ ರಕ್ಷಣೆಯುಂಟು. ಊರ ಕೆರೆಗೆ ಊರವರೇ ರಕ್ಷಕರು. ಈಚೆಗೆ ಕೆರೆಯನ್ನು ಅಂದಗೊಳಿಸುವೆವೆಂದು ಸುತ್ತಲೂ ಕಡಿದಾದ ಕಲ್ಲುಕಟ್ಟಡವನ್ನು ಕಟ್ಟಿ, ಜೊಂಡನ್ನೆಲ್ಲ ಕಿತ್ತು, ಅಂಚಿನವರೆಗೂ ಆಳಮಾಡುವುದುಂಟು. ಆಗ ನೀರು ಹೆಚ್ಚು ನಿಂತೀತು. ಆದರೆ ಮೊಣಕಾಲುದ್ದದ ನೀರಿಲ್ಲದೆಡೆ ಕೊಕ್ಕರೆಯು ಎಲ್ಲಿ ನಿಲ್ಲಬೇಕು? ಜೊಂಡಿಲ್ಲದೆಡೆ ಗುಳುಮುಳುಕವು ಎಲ್ಲಿ ಗೂಡು ಕಟ್ಟಬೇಕು? ಹೂಳು ತೆಗೆಯಬಾರದೆಂದು ನಮ್ಮ ಮಾತಲ್ಲ. ಗದ್ದೆಗೆ ನೀರು ಬೇಕೇ ಬೇಕು. ಒಂದು ಪಾರ್ಶ್ವದಲ್ಲಾದರೂ ಇಳಿಜಾರಾದ ಕೆಸರಿನ ದಡವನ್ನೂ ಜೊಂಡನ್ನೂ ಉಳಿಸಿರೆಂದೇ ನಮ್ಮ ಬಿನ್ನಹ.

ಪ್ರಿಯ ಸೋದರಿಯರೇ, ತಾಯಿತಂದೆಗಳೇ, ತಿಂಗಳಿಗೊಮ್ಮೆ ಮಕ್ಕಳನ್ನು ನಿಮ್ಮೂರ ಕೆರೆಯ ಏರಿಗೆ ಕರೆದೊಯ್ಯಿರಿ. ಕಂಡ ಹಕ್ಕಿಯ ಹೆಸರನ್ನೂ ಕಂಡ ದಿನವನ್ನೂ ಅವರ ಕೈಯಲ್ಲಿಯೇ ಬರೆಯಿಸಿರಿ. ಹೆಸರು ಹಿಡಿದು ಕರೆಯಬಲ್ಲ ಹಕ್ಕಿಯ ಮನೆಯನ್ನು ಕೆಡಿಸಲು ಆ ಮಕ್ಕಳಿಗೆ ಮುಂದೆ ಮನಸ್ಸು ಬಾರದು. ಮುಂದಿನ ಹಳೆಯ ವಿದ್ಯಾರ್ಥಿನಿಯರ ಕೂಟಕ್ಕೆ ಆ ಪುಸ್ತಕಗಳನ್ನು ತನ್ನಿರಿ. ಸಿಪಿಲೆಯು ಯಾರ ಊರಿಗೆ ಮೊದಲು ಬಂದಿತೆಂದು ಹೋಲಿಸಿ ನೋಡೋಣ.