ನಿಲಯದ ನಿಯಮ

ಜೂನ್ ತಿಂಗಳು ಬಂತೆಂದರೆ ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಗೌಡಗೆರೆಯಂಥ ಊರುಗಳಲ್ಲಿ ಎರಡು ನಿರೀಕ್ಷೆಗಳು ಒಟ್ಟಿಗೆ ತಲೆಯೆತ್ತುತ್ತವೆ. ಕಡಲೆಕಾಯಿ ಬಿತ್ತನೆಗೆ ಹದವಾದ ಮಳೆ ಬರುವುದೇ ಎಂಬುದು ಒಂದು. ಮಗನಿಗೆ ಪಟ್ಟಣದ ವಿದ್ಯಾರ್ಥಿನಿಲಯದಲ್ಲಿ ಸ್ಥಳ ದೊರೆಯುವುದೇ ಎಂಬುದು ಇನ್ನೊಂದು. ಮುಗಿಲನ್ನು ನೆಚ್ಚಿ ಬದುಕುವ ಈ ಬಯಲುಸೀಮೆಯಲ್ಲಿ ಮಳೆ ಕೈಕೊಟ್ಟರೂ ವಿದ್ಯೆ ಕೈಕೊಡಲಾರದೆಂಬ ನಂಬಿಕೆ ಬಡ ರೈತನದು. ಆದುದರಿಂದಲೇ ಒಂದು ತಗಡಿನ ಪೆಟ್ಟಿಗೆ, ಒಂದು ಕಂಬಳಿ, ಒಂದು ತಟ್ಟೆ, ಒಂದು ಲೋಟ ಇಷ್ಟನ್ನು ಹೊಂದಿಸಿಕೊಂಡು, ಹಿಂದೆಂದೂ ಮನೆ ಬಿಟ್ಟಿರದ ಮಗನ ಕೈ ಹಿಡಿದು ಅವನು ಬಸ್ಸು ಹತ್ತುತ್ತಾನೆ.

ನಿಲಯದ ಕಚೇರಿಯಲ್ಲಿ ಅವನ ಮುಂದೆ ಒಂದು ಅರ್ಜಿ ಬರುತ್ತದೆ. ಅದರ ಬೆನ್ನಿಗೆ ನಿಯಮಗಳ ಪಟ್ಟಿ. ವಿದ್ಯಾರ್ಥಿಯು ಬೆಳಗಿನ ಜಾವ ಏಳತಕ್ಕದ್ದು; ಸಂಜೆ ಗೊತ್ತಾದ ವೇಳೆಗೆ ಒಳಗಿರತಕ್ಕದ್ದು; ಅಪ್ಪಣೆಯಿಲ್ಲದೆ ಊರಿಗೆ ಹೋಗಕೂಡದು; ಊಟವನ್ನು ಭೋಜನಶಾಲೆಯಿಂದ ಹೊರಗೆ ಒಯ್ಯಕೂಡದು; ಹೊರಗಿನವರಿಗೆ ಕೊಡಕೂಡದು. ಗುಮಾಸ್ತರು ಓದಿ ಹೇಳುತ್ತಾರೆ. ತಂದೆಗೆ ಅದರಲ್ಲಿ ಅರ್ಥವಾಗುವುದು ಒಂದೇ: ಮಗನಿಗೆ ಎರಡು ಹೊತ್ತು ಊಟ ಸಿಗುತ್ತದೆ. ಅವನು ಹೆಬ್ಬೆಟ್ಟನ್ನು ಒತ್ತುತ್ತಾನೆ. ಕೆಳಗೆ ಮಗ, ತಾನು ಕಲಿತ ಅಕ್ಷರದಲ್ಲಿ, ತನ್ನ ಹೆಸರನ್ನು ಬರೆಯುತ್ತಾನೆ.

ಈ ಎರಡು ಗುರುತುಗಳಲ್ಲಿ ಕಾನೂನಿನ ಕಣ್ಣಿಗೆ ಬೆಲೆಯುಳ್ಳದ್ದು ಯಾವುದು? 1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ ಪ್ರಾಪ್ತವಯಸ್ಕರಲ್ಲದವರು ಮಾಡಿದ ಕರಾರಿಗೆ ಬಲವಿಲ್ಲ. ಹದಿನೆಂಟು ತುಂಬದ ಹುಡುಗನ ಅಂದವಾದ ರುಜುವಿಗಿಂತ ಅಕ್ಷರ ಬಾರದ ತಂದೆಯ ಹೆಬ್ಬೆಟ್ಟೇ ಅಲ್ಲಿ ಹೆಚ್ಚಿನದು. ಹಾಗಾದರೆ ಹುಡುಗನಿಂದ ರುಜು ಹಾಕಿಸುವುದೇಕೆ? ನ್ಯಾಯಾಲಯವು ಕೇಳದ ಮಾತನ್ನೂ ಮನಸ್ಸಾಕ್ಷಿ ಕೇಳುತ್ತದೆ ಎಂಬ ಕಾರಣದಿಂದ ಇರಬೇಕು. ಇದು ನಿಜವೇ ಎಂಬುದನ್ನು ಆ ಸೀಮೆಯ ಒಂದು ನಿಲಯದಲ್ಲಿ ಕೆಲವು ದಶಕಗಳ ಹಿಂದೆ ನಡೆದ ಪ್ರಸಂಗ ತೋರಿಸಿಕೊಡುತ್ತದೆ.

ಅದು ಕೆರೆ ಬತ್ತಿದ ವರ್ಷ. ಗೌಡಗೆರೆಯ ಕಡೆಯ ರೈತನೊಬ್ಬನು ಮೇವಿಲ್ಲದ ಎರಡು ಕುರಿಗಳನ್ನು ಸಂತೆಗೆ ಹೊಡೆದುಕೊಂಡು ಬಂದಿದ್ದನು. ಅವು ಸಿಕ್ಕಿದ ಬೆಲೆಗೆ ಮಾರಿಹೋಗುವ ಹೊತ್ತಿಗೆ ಊರಿನ ಕಡೆಯ ಬಸ್ಸು ಹೊರಟುಹೋಗಿತ್ತು. ಬೆಳಗಿನಿಂದ ಏನನ್ನೂ ತಿಂದಿರದ ಅವನು ಮಗನಿದ್ದ ನಿಲಯದ ಮುಂದೆ ಬಂದು ಹೊಂಗೆಮರದ ಕಟ್ಟೆಯ ಮೇಲೆ ಕುಳಿತನು. ಕೈಯಲ್ಲಿ ಕುರಿಯ ದುಡ್ಡಿತ್ತು. ಆದರೆ ಅದು ಬಿತ್ತನೆಬೀಜದ ದುಡ್ಡು. ಹೋಟೆಲಿಗೆ ಹೋಗಲು ಮನಸ್ಸು ಬಾರದು.

ಮಗನು ಅಪ್ಪನ ಮುಖ ನೋಡಿದನು, ಏನನ್ನೂ ಕೇಳಲಿಲ್ಲ. ರಾತ್ರಿ ಪಂಕ್ತಿಯಲ್ಲಿ ತನ್ನ ಪಾಲಿನ ಮುದ್ದೆಯನ್ನು ಉಂಡಂತೆ ಮಾಡಿ ಟವಲಿನಲ್ಲಿ ಅಡಗಿಸಿದನು. ಸಾಲದೆಂದು ಇನ್ನೊಂದನ್ನು ಕೇಳಿ ಹಾಕಿಸಿಕೊಂಡು ಅದನ್ನೂ ಅಡಗಿಸಿದನು. ಅಡುಗೆಯವನು ಬಡಿಸುತ್ತ ಕಡೆಯ ಸಾಲಿನ ಕೊನೆಗೆ ಬಂದಾಗ ಪಾತ್ರೆ ಬರಿದಾಗಿತ್ತು. ಅಲ್ಲಿ ಕುಳಿತಿದ್ದವನು ಆ ವರ್ಷ ತಾನೇ ಸೇರಿದ್ದ, ಎಲ್ಲರಿಗಿಂತ ಚಿಕ್ಕ ಹುಡುಗ. ತಲೆಯೆಣಿಸಿ ಮುದ್ದೆ ಕಟ್ಟಿದ ಅಡುಗೆಯವನಿಗೆ ಲೆಕ್ಕ ತಪ್ಪಿದ್ದು ಹೇಗೆಂದು ತಿಳಿಯಲಿಲ್ಲ. ಮೇಲ್ವಿಚಾರಕರು ತಮ್ಮ ಪಾಲನ್ನು ಆ ಮಗುವಿನ ತಟ್ಟೆಗೆ ಹಾಕಿ ಹೊರಗೆ ಬಂದರು.

ಕಟ್ಟೆಯ ಮೇಲೆ ತಂದೆ ಉಣ್ಣುತ್ತಿದ್ದನು. ಮೇಲ್ವಿಚಾರಕರನ್ನು ಕಂಡೊಡನೆ ಅವನ ಕೈ ನಿಂತಿತು.

"ಸ್ವಾಮಿ, ತಪ್ಪು ನಂದು. ಹುಡುಗನ ಓದು ಬಿಡಿಸಬೇಡಿ" ಎಂದನು.

"ಉಣ್ಣಿ ಯಜಮಾನರೇ. ಅನ್ನದ ಮುಂದೆ ವಿಚಾರಣೆ ಬೇಡ. ರಾತ್ರಿ ಇಲ್ಲೇ ಜಗುಲಿಯಲ್ಲಿ ಮಲಗಿ" ಎಂದು ಅವರು ಒಳಗೆ ಹೋದರು. ಅವರು ಆ ರಾತ್ರಿ ಊಟ ಮಾಡಲಿಲ್ಲವೆಂಬುದು ಹುಡುಗರಿಗೆ ತಿಳಿಯದೆ ಉಳಿಯಲಿಲ್ಲ.

ಮರುದಿನ ಪ್ರಾರ್ಥನೆಯಾದ ಮೇಲೆ, ಯಾರೂ ಹೆಸರು ಕರೆಯುವ ಮೊದಲೇ ಹುಡುಗನು ಎದ್ದು ನಿಂತನು. ಮೇಲ್ವಿಚಾರಕರು ಹೇಳಿದರು: "ನಿಯಮ ತಪ್ಪಲ್ಲಪ್ಪ. ಕಡೆಯ ಸಾಲಿನಲ್ಲಿ ಒಂದು ಮಗು ಕುಳಿತಿರುತ್ತದೆ, ಅದಕ್ಕಾಗಿ ನಿಯಮವಿದೆ. ಆದರೆ ಬಾಗಿಲಿಗೆ ಬಂದ ತಂದೆಯನ್ನು ಹಸಿದಿರಿಸು ಎಂದು ಮಗನಿಗೆ ಹೇಳುವ ನಿಯಮ ಪೂರ್ತಿಯಾದದ್ದಲ್ಲ. ಏನು ಮಾಡೋಣ, ನೀವೇ ಹೇಳಿ."

ಹುಡುಗರು ಬಹಳ ಹೊತ್ತು ಚರ್ಚಿಸಿದರು. ದೂರದ ಊರಿನಿಂದ ತಂದೆತಾಯಿಗಳು ಬಂದರೆ ಅಡುಗೆಗೆ ಮೊದಲೇ ತಿಳಿಸಬೇಕು. ಆ ದಿನ ಎಲ್ಲರ ಮುದ್ದೆಯಲ್ಲಿಯೂ ಒಂದೊಂದು ಚಿಟಿಕೆ ಕಡಿಮೆ ಮಾಡಿ ಅತಿಥಿಗೆ ಒಂದು ಮುದ್ದೆ ಕಟ್ಟಬೇಕು ಎಂದು ಗೊತ್ತುಮಾಡಿದರು. ತಪ್ಪು ಮಾಡಿದವನು ಒಂದು ವಾರ ಬಡಿಸುವ ಕೆಲಸ ಮಾಡಿ, ಕಡೆಯ ಸಾಲಿನ ಕೊನೆಯಲ್ಲಿ ಕುಳಿತು ಉಣ್ಣಬೇಕೆಂಬುದು ಶಿಕ್ಷೆ. ವಾರ ಮುಗಿಯಿತು. ಆದರೂ ಶಾಲೆ ಬಿಡುವವರೆಗೆ ಅವನು ಆ ಸ್ಥಳವನ್ನು ಬದಲಿಸಲಿಲ್ಲ.

ನಿಯಮಕ್ಕೆ ಎರಡು ಕಡೆಗಳಿರಬೇಕೆಂಬ ಈ ತಿಳಿವು ನಮ್ಮ ನಾಡಿಗೆ ಹೊಸದಲ್ಲ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ಕ್ರಿ.ಶ. 945ರ ಶಾಸನವೊಂದಿದೆ. ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ವಾಸಸ್ಥಾನಗಳನ್ನೂ ರಾತ್ರಿಯ ದೀಪಕ್ಕಾಗಿ 12 ನಿವರ್ತನ ಭೂಮಿಯನ್ನೂ ಬಿಟ್ಟ ವಿವರ ಅದರಲ್ಲಿದೆ. ಮನೆಯಲ್ಲಿ ಮದುವೆಯಾದಾಗ ಶಾಲೆಗೆ ಇಂತಿಷ್ಟು ಕೊಡುವುದೆಂದು ಊರವರೂ ಒಪ್ಪಿಕೊಂಡಿದ್ದರು. ಇಂದಿನ ಅರ್ಜಿಯ ಬೆನ್ನಿಗೆ ವಿದ್ಯಾರ್ಥಿಯ ಕರ್ತವ್ಯಗಳು ಮಾತ್ರ ಇರುತ್ತವೆ. ಆ ಕಲ್ಲಿನ ಮೇಲೆ ಇರುವುದು ಊರಿನ ಕರ್ತವ್ಯ. ಓದುವವನು ದೀಪವನ್ನು ವ್ಯರ್ಥವಾಗಿ ಉರಿಸಬಾರದು, ನಿಜ. ಆದರೆ ಮೊದಲು ಯಾರೋ ಎಣ್ಣೆಯನ್ನು ಒದಗಿಸಿರಬೇಕು.

ಅಂದಿನ ಶಾಲೆಗಳ ಬಾಗಿಲು ಎಲ್ಲ ಜಾತಿಯವರಿಗೂ ತೆರೆದಿರಲಿಲ್ಲವೆಂಬುದನ್ನು ಮರೆಯುವಂತಿಲ್ಲ. ಆ ಬಾಗಿಲನ್ನು ತೆರೆಯಲು ಹಲವರು ಹೆಣಗಬೇಕಾಯಿತು. 1897ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರದ ಸಂಸ್ಥೆಯನ್ನು ಸ್ಥಾಪಿಸಿದ ಕುದ್ಮುಲ್ ರಂಗರಾಯರು ತಮ್ಮವರಿಂದಲೇ ಬಹಿಷ್ಕಾರವನ್ನು ಅನುಭವಿಸಿದರು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ 1941ರಿಂದ 2019ರವರೆಗೆ ಮಠಾಧ್ಯಕ್ಷರಾಗಿದ್ದ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿಮತಗಳನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಆಶ್ರಯವನ್ನೂ ಕೊಟ್ಟರು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕೆಂಬ ನಿಯಮದಷ್ಟು ದೊಡ್ಡ ಪಾಠವನ್ನು ಯಾವ ಪುಸ್ತಕವೂ ಕಲಿಸಲಾರದು.

ಪಂಕ್ತಿಯಲ್ಲಿ ಸಮಾನರಾದವರು ಕೋಣೆಯಲ್ಲಿಯೂ ಸಮಾನರಾಗಿರಬೇಕಷ್ಟೆ. ಹೊಸಬನನ್ನು ಹಳಬರು ಪೀಡಿಸುವ ಕೆಟ್ಟ ಚಾಳಿಯನ್ನು 1983ರ ಕರ್ನಾಟಕ ಶಿಕ್ಷಣ ಕಾಯಿದೆ ಅಪರಾಧವೆಂದು ನಿಷೇಧಿಸಿದೆ. ಕಾಲೇಜಿಗೆ ಸೇರುವ ವಿದ್ಯಾರ್ಥಿಯೂ ಅವನ ಪೋಷಕರೂ ಇಂಥ ಕೃತ್ಯದಲ್ಲಿ ತೊಡಗುವುದಿಲ್ಲವೆಂದು ಬರೆದುಕೊಡಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮಾವಳಿ ವಿಧಿಸಿದೆ. ಆದರೆ ನಡುರಾತ್ರಿ ಮನೆಯ ನೆನಪಾಗಿ ಕಂಬಳಿಯೊಳಗೆ ಅಳುವ ಚಿಕ್ಕ ಹುಡುಗನನ್ನು ಸಂತೈಸಬೇಕೆಂದು ಯಾವ ಕಾಯಿದೆಯೂ ವಿಧಿಸಲಾರದು. ಅದು ಪಕ್ಕದ ಚಾಪೆಯವನಿಗೆ ತಾನಾಗಿ ಹೊಳೆಯಬೇಕು.

ಮನೆಯಲ್ಲಿ ನಿಯಮಗಳನ್ನು ಬರೆದು ಗೋಡೆಗೆ ಅಂಟಿಸುವುದಿಲ್ಲ. ಆದರೂ ಕೊನೆಯಲ್ಲಿ ಉಣ್ಣುವ ತಾಯಿಗೆ ಮುದ್ದೆ ಉಳಿದಿದೆಯೇ ಎಂದು ಮಕ್ಕಳು ಪಾತ್ರೆಯನ್ನು ಇಣುಕಿ ನೋಡುತ್ತಾರೆ. ನೂರು ಮನೆಗಳ ಮಕ್ಕಳು ಸೇರಿದಲ್ಲಿ ನಿಯಮವನ್ನು ಬರೆಯಬೇಕಾಗುತ್ತದೆ. ಬರೆದ ನಿಯಮವನ್ನು ಓದುವಾಗ ಕಡೆಯ ಸಾಲಿನಲ್ಲಿ ಕುಳಿತವನ ಬರಿದಾದ ತಟ್ಟೆ ಕಣ್ಣಿಗೆ ಕಂಡರೆ ಆ ನಿಲಯವೂ ಮನೆಯೇ ಆಗುತ್ತದೆ.