ಪಾರ್ಕಿನ ಮೇಲಿನ ಆಕಾಶ

ಡ್ರೋನ್ ಹಾರಿಸುವ ಹುಚ್ಚು ಹಿಡಿದವರಿಗೆ ಬೆಂಗಳೂರು ಸಲೀಸಾದ ಊರಲ್ಲ. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಎಂದು ವಿಮಾನ ಇಳಿಯುವ ಜಾಗಗಳೇ ನಾಲ್ಕಿವೆ. ನಡುವೆ ವಿಧಾನಸೌಧ, ಹೈಕೋರ್ಟು. ಅವುಗಳ ಮಗ್ಗುಲಲ್ಲಿರುವ ಕಬ್ಬನ್ ಪಾರ್ಕಿಗೆ ನಾನು ಬರಿಗೈಲೇ ಹೋಗುತ್ತೇನೆ.

ನನ್ನ ಹಾರಾಟ ಶುರುವಾಗುವುದು ಮನೆಯಲ್ಲೇ, ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡುವುದರಿಂದ. 2021ರ ಡ್ರೋನ್ ನಿಯಮಗಳು ಆಕಾಶವನ್ನು ಕೆಂಪು, ಹಳದಿ, ಹಸಿರು ಎಂದು ಪಾಲು ಮಾಡಿವೆ. ಕೆಂಪಿಗೆ ಕೇಂದ್ರ ಸರ್ಕಾರದ ಅನುಮತಿ ಬೇಕು, ಹಳದಿಗೆ ವಿಮಾನ ಸಂಚಾರ ನಿಯಂತ್ರಣದವರದ್ದು. ಹಸಿರಿನಲ್ಲಿ 400 ಅಡಿವರೆಗೆ ಹಾರಿಸಬಹುದು. ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ದೂರದೊಳಗೆ 200 ಅಡಿ ಮಾತ್ರ. ಹಸಿರು ಕಂಡರೂ ಪಾರ್ಕು ನೋಡಿಕೊಳ್ಳುವವರನ್ನು ಒಂದು ಮಾತು ಕೇಳಲೇಬೇಕು. ಊರಂಚಿನ ನಮ್ಮ ಬಡಾವಣೆಯ ಪಾರ್ಕಿನವರು ಒಪ್ಪಿದ್ದಾರೆ.

ನನ್ನದು 250 ಗ್ರಾಂ ಮೀರದ ನ್ಯಾನೊ ಡ್ರೋನ್. ಇದಕ್ಕೆ ಪೈಲಟ್ ಪ್ರಮಾಣಪತ್ರ ಬೇಡ. ಹಾಗೆಂದು ಮರದೆತ್ತರದಿಂದ ಮಗುವಿನ ತಲೆ ಮೇಲೆ ಬಿದ್ದರೆ ಅದೇನೂ ಹಗುರವಲ್ಲ. ವಾಕಿಂಗ್ ದಾರಿ, ಜೋಕಾಲಿ, ಯೋಗದವರ ಹುಲ್ಲುಹಾಸು ಬಿಟ್ಟು ಕಾಂಪೌಂಡಿನ ಪಕ್ಕದ ಖಾಲಿ ಮೂಲೆಗೆ ಹೋಗುತ್ತೇನೆ. ರೆಕ್ಕೆಗಳ ಅಂಚನ್ನು ಬೆರಳಿನಿಂದ ಸವರಿ ನೋಡುತ್ತೇನೆ. ಕೂದಲೆಳೆಯಷ್ಟು ಸೀಳಿದ್ದರೂ ಬದಲಿಸುತ್ತೇನೆ. ಸಿಗ್ನಲ್ ತಪ್ಪಿದರೆ ತಾನೇ ಮರಳುವ ಎತ್ತರವನ್ನು ಅಲ್ಲಿನ ಸಿಲ್ವರ್ ಓಕ್ ಮರಗಳ ತುದಿಗಿಂತ ಮೇಲಿಡುತ್ತೇನೆ.

ಆಮೇಲೆ ಸುಖ. ಒಣಹುಲ್ಲು ಸುತ್ತ ಚದುರುತ್ತದೆ, ಡ್ರೋನ್ ಎದೆಮಟ್ಟಕ್ಕೆ ಏರಿ ನಿಲ್ಲುತ್ತದೆ. ಈ ನಿಲುವೇ ನನಗೆ ಎಲ್ಲಕ್ಕಿಂತ ಇಷ್ಟ. ಗಾಳಿ ತಳ್ಳಿದಾಗ ಗಾಳಿಗೆದುರಾಗಿ ವಾಲುತ್ತದೆ, ಮೋಟಾರಿನ ದನಿ ಏರುತ್ತದೆ, ಮತ್ತೆ ಅದೇ ಜಾಗದಲ್ಲಿ ನಿಲ್ಲುತ್ತದೆ. ಕೇಳಿ ಕೇಳಿ ಗಾಳಿ ಎಷ್ಟಿದೆಯೆಂದು ಕಿವಿಗೇ ಗೊತ್ತಾಗುತ್ತದೆ. ಇನ್ನೂ ಮೇಲೇರಿಸಿದರೆ, ಬುಡದಲ್ಲಿ ನಿಂತವರಿಗೆ ಬರೀ ನೆರಳಾಗಿದ್ದ ಮಳೆಮರ ಬೇಸಿಗೆಯಲ್ಲಿ ನೆತ್ತಿತುಂಬ ನಸುಗೆಂಪು ಹೂ ಹೊತ್ತಿರುವುದು ಕಾಣುತ್ತದೆ.

ಕಣ್ಣಳತೆ ಮೀರಿ ಕಳಿಸುವುದಿಲ್ಲ. ಹದ್ದು ಸುತ್ತತೊಡಗಿದರೆ ಇಳಿಸಿಬಿಡುತ್ತೇನೆ; ಅದರ ಗೂಡಿರುವ ಮರದ ತಂಟೆಗಂತೂ ಹೋಗುವುದಿಲ್ಲ. ಕ್ಯಾಮೆರಾ ಯಾರ ತಾರಸಿ, ಬಾಲ್ಕನಿ ಕಡೆಗೂ ತಿರುಗುವುದಿಲ್ಲ. ಡ್ರೋನ್ ಇಳಿದೊಡನೆ ಮಕ್ಕಳು ಮುತ್ತಿಕೊಳ್ಳುತ್ತಾರೆ. “ಅಂಕಲ್, ನಮ್ಮನೆ ತೋರ್ಸಿ!” “ಮನೆ ಬೇಡ ಪುಟ್ಟಾ, ಮರದ ತಲೆ ನೋಡು ಬಾ.” ಆ ಹೂ ನೋಡಿದವರು ಮರುದಿನದಿಂದ ಮರದ ಕೆಳಗೆ ಬಿದ್ದದ್ದನ್ನು ಆರಿಸತೊಡಗುತ್ತಾರೆ.

ನಿಯಮಗಳಿಂದ ನನ್ನ ಸಂತೋಷ ಕಡಿಮೆಯಾಗಿಲ್ಲ. ಯಾವ ಬೆಂಚಿನಲ್ಲಿ ಯಾವ ಅಜ್ಜಿ ಕೂರುತ್ತಾರೆ, ಯಾವ ಹೊತ್ತಿಗೆ ಪಾರ್ಕು ತುಂಬುತ್ತದೆ ಎಂಬುದೆಲ್ಲ ನನಗೆ ತಿಳಿದದ್ದೇ ಅವುಗಳಿಂದ. ಹಸಿರು ವಲಯದ ದೊಡ್ಡ ಪಾರ್ಕುಗಳಲ್ಲಿ ಮುಂಜಾನೆ ಒಂದು ಗಂಟೆ, ಒಂದು ಮೂಲೆಯನ್ನು ಡ್ರೋನ್ ಹಾರಾಟಕ್ಕೆಂದೇ ಬಿಟ್ಟುಕೊಡಲಿ. ನಿಯಮಗಳನ್ನು ಗೇಟಿನಲ್ಲೇ ಕನ್ನಡದಲ್ಲಿ ಬರೆದು ಹಾಕಲಿ. ಕದ್ದು ಹಾರಿಸುವ ಹುಡುಗರು ಆಗ ಹಿರಿಯರ ಪಕ್ಕ ನಿಂತು ಕಲಿತು ಹಾರಿಸುತ್ತಾರೆ.