ರಟ್ಟೀಹಳ್ಳಿಯ ಹಳೆ ಜೀಪಿಗೆ ಯಾವ ಎಂಜಿನ್?

ಹಾವೇರಿ ಜಿಲ್ಲೆಯ ರಟ್ಟೀಹಳ್ಳಿಗೆ ಹೋದವರು ಮೊದಲು ನೋಡುವುದು ಕದಂಬೇಶ್ವರ ದೇವಾಲಯವನ್ನು. ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿಯ ಕಂಬಗಳನ್ನು ಒಮ್ಮೆಯಾದರೂ ಕೈಯಿಂದ ಸವರದೆ ಹಿಂದಿರುಗುವವರು ವಿರಳ. ಊರ ಮಗ್ಗುಲಲ್ಲೇ ಕುಮುದ್ವತಿ. ಬೇಸಿಗೆಯಲ್ಲಿ ಬಡಕಲಾಗುವ ಈ ನದಿ ಮಳೆಗಾಲದಲ್ಲಿ ಮೈತುಂಬಿಕೊಂಡು ತುಂಗಭದ್ರೆಯತ್ತ ಓಡುತ್ತದೆ. ಹಿಂದೆ ಹಿರೇಕೆರೂರು ತಾಲ್ಲೂಕಿಗೆ ಸೇರಿದ್ದ ರಟ್ಟೀಹಳ್ಳಿ ಈಗ ಸ್ವತಃ ತಾಲ್ಲೂಕು ಕೇಂದ್ರವಾಗಿದೆ. ಸುತ್ತ ಗೋವಿನಜೋಳ, ಹತ್ತಿ. ಆಚೆಗೆ ಮಾಸೂರಿನ ಕಡೆ ಗುಡ್ಡಗಳು.

ಗುಡಿ ನೋಡಿದ ಪ್ರವಾಸಿಗರು ಸಾಮಾನ್ಯವಾಗಿ ಅಲ್ಲಿಂದಲೇ ಬಸ್ಸು ಹತ್ತಿಬಿಡುತ್ತಾರೆ. ಊರಿನ ಇನ್ನೊಂದು ಮುಖ ಕಾಣಬೇಕಾದರೆ ಗ್ಯಾರೇಜಿನ ಮುಂದೆ ಅರ್ಧ ಗಂಟೆ ನಿಲ್ಲಬೇಕು. ಬಿತ್ತನೆ ಮುಗಿದು ಕೊಯ್ಲಿಗೆ ಇನ್ನೂ ಬಿಡುವಿರುವ ದಿನಗಳಲ್ಲಿ ಅಲ್ಲಿ ಬಾನೆಟ್ ತೆರೆದ ಗಾಡಿಗಳ ಸಾಲೇ ಇರುತ್ತದೆ. ಅಂಥ ಒಂದು ಗ್ಯಾರೇಜಿಗೆ ರೈತರೊಬ್ಬರು ತಂದೆಯ ಕಾಲದ ಮಹೀಂದ್ರಾ ಸಿಜೆ-3ಬಿ ಜೀಪನ್ನು ಎಳೆಸಿಕೊಂಡು ಬಂದಿದ್ದರು. ಪೆಟ್ರೋಲ್ ಎಂಜಿನ್. ಹೊಗೆ ನೀಲಿ, ಎಣ್ಣೆ ಕುಡಿಯುವುದು ವಿಪರೀತ. ಗುಜರಿಯಲ್ಲಿ ಹಳೆ ಅಂಬಾಸಿಡರ್ ಕಾರಿನ ಡೀಸೆಲ್ ಎಂಜಿನ್ ಒಂದು ಅಗ್ಗಕ್ಕೆ ಸಿಗುವುದಿತ್ತು. ಅದನ್ನು ಕೂರಿಸಿದರೆ ಹೇಗೆ ಎಂಬುದು ಅವರ ಪ್ರಶ್ನೆ. ಕೈಯಲ್ಲಿದ್ದದ್ದು ಮಗಳ ಕಾಲೇಜು ಫೀಜಿಗೆಂದು ಎತ್ತಿಟ್ಟ ಹಣ. ಪಿಯುಸಿ ವಿಜ್ಞಾನ ಓದುತ್ತಿದ್ದ ಆ ಮಗಳೂ ಜೊತೆಗಿದ್ದಳು.

ಮೇಸ್ತ್ರಿ ಕೇಳಿದ್ದು ಒಂದೇ ಮಾತು: “ನಿಮಗ ಪುಲ್ಲಿಂಗ್ ಬೇಕೋ, ಪಿಕಪ್ ಬೇಕೋ, ಮೊದ್ಲ ಅದನ್ನ ಹೇಳ್ರಿ.”

ಉತ್ತರ ಕರ್ನಾಟಕದ ಯಾವ ಗ್ಯಾರೇಜಿಗೆ ಹೋದರೂ ಈ ಎರಡು ಪದಗಳು ಕಿವಿಗೆ ಬೀಳುತ್ತವೆ. ಪಠ್ಯಪುಸ್ತಕದಲ್ಲಿ ಬಲದ ಭ್ರಾಮಕ, ಸಾಮರ್ಥ್ಯ ಎಂದು ಓದಿ ಮರೆತುಬಿಡುವ ವಿಷಯಗಳೇ ಇವು. ಪುಲ್ಲಿಂಗ್ ಎಂದರೆ ಹೆಚ್ಚುಕಡಿಮೆ ಟಾರ್ಕ್. ಪಿಕಪ್ ಎಂದರೆ ಬಹುಮಟ್ಟಿಗೆ ಸಾಮರ್ಥ್ಯ, ಅಂದರೆ ಅಶ್ವಶಕ್ತಿ. ಎಣ್ಣೆ ಗಾಣವನ್ನು ನೆನೆಸಿಕೊಂಡರೆ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ. ಎತ್ತು ನೊಗಕ್ಕೆ ಕೊಡುವ ಬಲವನ್ನು ಗಾಣದ ಮರದ ಉದ್ದದಿಂದ ಗುಣಿಸಿದರೆ ಬರುವುದು ಟಾರ್ಕ್. ಅದೇ ಬಲದಿಂದ ಎತ್ತು ನಿಮಿಷಕ್ಕೆ ಎಷ್ಟು ಸುತ್ತು ಬರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದರೆ ಸಾಮರ್ಥ್ಯ. ಕುದುರೆಯ ಕೆಲಸವನ್ನು ಅಳತೆಗೋಲಾಗಿ ಮಾಡಿದವನು ಜೇಮ್ಸ್ ವಾಟ್. ಅವನ ಒಂದು ಅಶ್ವಶಕ್ತಿ ಇಂದಿನ ಲೆಕ್ಕದಲ್ಲಿ 746 ವ್ಯಾಟ್.

ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಹಾಕಿ ನೋಡಬಹುದು. ನ್ಯೂಟನ್-ಮೀಟರಿನಲ್ಲಿರುವ ಟಾರ್ಕನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 7,124ರಿಂದ ಭಾಗಿಸಿದರೆ ಅಶ್ವಶಕ್ತಿ ಸಿಗುತ್ತದೆ. ಈ 7,124 ಬಂದದ್ದು ಎಲ್ಲಿಂದ? 746ನ್ನು 60ರಿಂದ ಗುಣಿಸಿ, 2 ಪೈಯಿಂದ ಭಾಗಿಸಿ ನೋಡಿ.

ಮಾರುತಿ 800 ಕಾರು ಎಲ್ಲರಿಗೂ ಗೊತ್ತು. 796 ಸಿ.ಸಿ. ಎಂಜಿನ್, 37 ಅಶ್ವಶಕ್ತಿ; ಆದರೆ ಅದು ದೊರೆಯುವುದು ನಿಮಿಷಕ್ಕೆ 5,000 ಸುತ್ತಿನಲ್ಲಿ. ಗರಿಷ್ಠ ಟಾರ್ಕ್ 59 ನ್ಯೂಟನ್-ಮೀಟರ್. ಇದರ ಎದುರು ಹಳೆ ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರನ್ನು ನಿಲ್ಲಿಸೋಣ. ಅದರದ್ದೂ ಸುಮಾರು 35 ಅಶ್ವಶಕ್ತಿಯೇ. ಅದು ಸಿಗುವುದು ಮಾತ್ರ 2,000ಕ್ಕೂ ಕಡಿಮೆ ಸುತ್ತಿನಲ್ಲಿ. ಲೆಕ್ಕ ಮಾಡಿದರೆ ಟಾರ್ಕ್ 120ನ್ನು ದಾಟುತ್ತದೆ. ಕುದುರೆಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ, ತಿರುಚುವ ಬಲ ಎರಡು ಪಟ್ಟು!

ಇನ್ನು ಆ ಜೀಪಿನ ವಿಷಯ. ಸಿಜೆ-3ಬಿಯ ಹರಿಕೇನ್ ಎಂಜಿನ್ 2,199 ಸಿ.ಸಿ.ಯದು. 4,000 ಸುತ್ತಿನಲ್ಲಿ 72ರಿಂದ 75 ಅಶ್ವಶಕ್ತಿ. 2,000 ಸುತ್ತಿನಲ್ಲೇ 155 ನ್ಯೂಟನ್-ಮೀಟರ್ ಟಾರ್ಕ್. ಅಂಬಾಸಿಡರಿನ 1,489 ಸಿ.ಸಿ. ಡೀಸೆಲ್ ಮೂಲತಃ ಇಂಗ್ಲೆಂಡಿನ ಬಿಎಂಸಿ ಕಂಪನಿಯ ವಿನ್ಯಾಸ. ಮೂಲ ಎಂಜಿನಿಗೆ 4,000 ಸುತ್ತಿನಲ್ಲಿ 40 ಅಶ್ವಶಕ್ತಿ, 1,900ರಲ್ಲಿ 87 ನ್ಯೂಟನ್-ಮೀಟರ್. ಹುಡುಗಿ ನೋಟ್‌ಬುಕ್ ತೆಗೆದು 2,000 ಸುತ್ತಿನ ಸುತ್ತಮುತ್ತ ಎರಡನ್ನೂ ಲೆಕ್ಕ ಹಾಕಿದಳು. ಹಳೆ ಪೆಟ್ರೋಲ್ ಎಂಜಿನಿಗೆ 43 ಅಶ್ವಶಕ್ತಿ, ಡೀಸೆಲಿಗೆ 23. ಡೀಸೆಲ್ ಎಂಜಿನ್ ಪೂರ್ತಿ ಕಿರುಚಿ ಕೊಡುವ 40 ಅಶ್ವಶಕ್ತಿಯನ್ನು ಹಳೆಯದು ಅರ್ಧ ವೇಗದಲ್ಲೇ ಮೀರಿಸುತ್ತದೆ. ಡೀಸೆಲ್ ಎಂದರೆ ಟಾರ್ಕ್ ಜಾಸ್ತಿ ಎಂಬ ಮಾತು ಸುಳ್ಳಲ್ಲ. ಆದರೆ ಅದು ಸರಿಸಮ ಸಾಮರ್ಥ್ಯದ ಎಂಜಿನುಗಳಿಗೆ ಹೇಳಿದ ಮಾತೆಂಬುದನ್ನು ಜನ ಮರೆಯುತ್ತಾರೆ.

ಪ್ಯೂಜೋ ಎಂಜಿನ್ ಹಾಕಿದರೆ? ಮಹೀಂದ್ರಾ ಕಂಪನಿಯೇ ಫ್ರಾನ್ಸಿನ ಪ್ಯೂಜೋದಿಂದ ಪರವಾನಗಿ ಪಡೆದು ಜೀಪುಗಳಿಗೆ ಕೂರಿಸಿದ ಎಕ್ಸ್‌ಡಿಪಿ 4.90 ಡೀಸೆಲ್ ಅದು. 2,112 ಸಿ.ಸಿ., 4,500 ಸುತ್ತಿನಲ್ಲಿ 62 ಅಶ್ವಶಕ್ತಿ, 2,000ರಲ್ಲಿ 121 ನ್ಯೂಟನ್-ಮೀಟರ್. ಅಂಬಾಸಿಡರಿನದಕ್ಕಿಂತ ಎಷ್ಟೋ ಮೇಲು. ಆದರೂ ಹಳೆಯದರ ಮುಂದೆ ಐದರಲ್ಲಿ ಒಂದು ಪಾಲು ಟಾರ್ಕ್ ಕಡಿಮೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಮೆರಿಕದಲ್ಲಿ 1972ರವರೆಗೆ ಎಂಜಿನಿನ ಸಾಮರ್ಥ್ಯವನ್ನು ಫ್ಯಾನು, ಗಾಳಿ ಶೋಧಕ, ಸೈಲೆನ್ಸರು ಇತ್ಯಾದಿಗಳನ್ನು ಬಿಚ್ಚಿಟ್ಟು ಅಳೆಯುವ ರೂಢಿಯಿತ್ತು. ಅಳತೆಯ ಅಂಕಿ ಸಹಜವಾಗಿಯೇ ಉಬ್ಬುತ್ತಿತ್ತು. ಹರಿಕೇನ್ ಅಂಕಿಗಳೂ ಆ ಕಾಲದವೇ. ಜೊತೆಗೆ ಸಿಲಿಂಡರು ಸವೆದ ಎಂಜಿನಿನಿಂದ ಪುಸ್ತಕದ ಅಂಕಿಯನ್ನು ನಿರೀಕ್ಷಿಸುವುದು ಮುಪ್ಪಿನ ಎತ್ತಿಗೆ ಹರೆಯದ ಬೆಲೆ ಕಟ್ಟಿದ ಹಾಗೆ. ಗುಜರಿ ಎಂಜಿನಿಗೂ ಈ ಮಾತು ಅನ್ವಯಿಸುತ್ತದೆ ಎಂಬುದನ್ನು ಮಾರುವವರು ಹೇಳುವುದಿಲ್ಲ.

ಹಾಗಾದರೆ ಗೇರು ಇರುವುದು ಏತಕ್ಕೆ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಸರಿಯಾದ ಪ್ರಶ್ನೆ. ಗೇರು ಸುತ್ತುಗಳನ್ನು ಕಡಿಮೆ ಮಾಡಿ ಟಾರ್ಕನ್ನು ಹೆಚ್ಚಿಸುತ್ತದೆ. ಸಾಮರ್ಥ್ಯವನ್ನು ಹೆಚ್ಚಿಸಲು ಅದರಿಂದಾಗದು. ಹಿಂದಿನ ಸೀಟಿನಲ್ಲಿ ಗೊಬ್ಬರದ ಚೀಲಗಳು, ಮುಂದೆ ಏರು. ಹಳೆ ಎಂಜಿನ್ ಎರಡನೇ ಗೇರಿನಲ್ಲಿ ಹತ್ತುವ ಕಡೆ ಸಣ್ಣ ಡೀಸೆಲ್ ಮೊದಲ ಗೇರಿಗೆ ಇಳಿಯಬೇಕು. ಈ ಜೀಪಿಗೆ ಇರುವುದೇ ಮೂರು ಗೇರು.

ಟ್ರ್ಯಾಕ್ಟರಿನ ಎಂಜಿನನ್ನೇ ಇಟ್ಟರಾಯಿತು ಎಂದು ಗ್ಯಾರೇಜಿನಲ್ಲಿ ಕೂತಿದ್ದ ಇನ್ನೊಬ್ಬರ ಸಲಹೆ. ಸಿಜೆ-3ಬಿಯ ಆಕ್ಸಲ್ ಗೇರು 5.38ರದು. ಎಂಜಿನ್ 2,000 ಸುತ್ತು ತಿರುಗಿದರೆ ಚಕ್ರ ತಿರುಗುವುದು 372 ಸುತ್ತು. ಟಯರಿನ ಸುತ್ತಳತೆ ಸುಮಾರು 2.2 ಮೀಟರ್ ಎಂದು ಹಿಡಿದರೆ, ಮೇಲಿನ ಗೇರಿನಲ್ಲೂ ವೇಗ ಗಂಟೆಗೆ 49 ಕಿ.ಮೀ. ಅಷ್ಟೇ. ಹೊಲಕ್ಕೆ ಸಾಕು, ರಾಣೆಬೆನ್ನೂರಿಗೆ ಹೋಗಿಬರುವವರಿಗೆ ಸಾಲದು. ಡೀಸೆಲ್ ಎಂಜಿನಿನ ತೂಕಕ್ಕೆ ಮುಂದಿನ ಪಾಟಾ ಸ್ಪ್ರಿಂಗು ಕುಸಿಯುವುದು, ನಡುಕಕ್ಕೆ ಮೌಂಟಿಂಗ್ ಕಿತ್ತು ಬರುವುದು ಬೇರೆ.

ಮೇಸ್ತ್ರಿ ಕೊನೆಗೆ ಆರ್‌ಸಿ ಪುಸ್ತಕ ಕೇಳಿದರು. ಮೊದಲೇ ಕೇಳಬೇಕಾಗಿದ್ದದ್ದು ಅದನ್ನೇ. ಎಂಜಿನ್ ನಂಬರು, ಇಂಧನ ಎರಡೂ ಅದರಲ್ಲಿ ದಾಖಲಾಗಿರುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವ ಹಾಗಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. 15 ವರ್ಷ ದಾಟಿದ ಖಾಸಗಿ ವಾಹನದ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ತಪಾಸಣೆಗೆ ಒಯ್ದ ದಿನ ಪೆಟ್ರೋಲ್ ಎಂದು ಬರೆದ ಗಾಡಿಯಲ್ಲಿ ಡೀಸೆಲ್ ಎಂಜಿನ್ ಕಂಡರೆ ಗಾಡಿಯೂ ಹೋಯಿತು, ಹಣವೂ ಹೋಯಿತು. ಅಪಘಾತವಾದರೆ ವಿಮೆಯವರು ಎತ್ತುವ ಮೊದಲ ಆಕ್ಷೇಪವೂ ಇದೇ.

ಡೀಸೆಲ್ ಆಸೆ ಹುಟ್ಟಿದ್ದು ಬೆಲೆಯ ಕಾರಣಕ್ಕೆ. ಒಂದು ಕಾಲಕ್ಕೆ ಆ ಆಸೆಗೆ ಅರ್ಥವಿತ್ತು. ಸರಕಾರ ಪೆಟ್ರೋಲಿನ ದರ ನಿಯಂತ್ರಣವನ್ನು 2010ರಲ್ಲಿ, ಡೀಸೆಲಿನದನ್ನು 2014ರಲ್ಲಿ ಕೈಬಿಟ್ಟ ಮೇಲೆ ಅಂತರ ಕಿರಿದಾಗಿದೆ. ವರ್ಷಕ್ಕೆ ಕೆಲವೇ ಸಾವಿರ ಕಿ.ಮೀ. ಓಡುವ ಜೀಪಿಗೆ ಆ ಉಳಿತಾಯ ಎಂಜಿನ್ ಕೂರಿಸಿದ ಕೂಲಿಯನ್ನು ತೀರಿಸಲು ಎಷ್ಟು ವರ್ಷ ಬೇಕೆಂದು ಹುಡುಗಿ ಲೆಕ್ಕ ಹಾಕತೊಡಗಿದಾಗ ತಂದೆ ಸಾಕೆಂದು ಕೈಯಾಡಿಸಿದರು.

ಹಳೆ ಹರಿಕೇನ್ ಬ್ಲಾಕನ್ನು ಬಿಚ್ಚಿ ತೊಳೆದು ಅಳೆಯಲಾಯಿತು. ಬಿರುಕು ಇರಲಿಲ್ಲ. ಬೋರ್ ಹೊಡೆಸಿ, 0.020 ಇಂಚು ಹೆಚ್ಚು ಅಳತೆಯ ಪಿಸ್ಟನ್ ಹಾಕಿದರೆ ಇನ್ನೂ ಬಹಳ ದಿನ ಬಾಳುತ್ತದೆ ಎಂದರು ಮೇಸ್ತ್ರಿ. ಖರ್ಚು ಇದ್ದೇ ಇತ್ತು, ಆದರೆ ಫೀಜಿನ ಹಣದಲ್ಲಿ ಅರ್ಧ ಉಳಿಯಿತು. ಮರುದಿನ ಬೆಳಿಗ್ಗೆ ಬ್ಲಾಕನ್ನು ಗೋಣಿತಟ್ಟಿನಲ್ಲಿ ಸುತ್ತಿ ರಾಣೆಬೆನ್ನೂರಿನ ಗಾಡಿಗೆ ಏರಿಸಿದರು.